ಸಂಜೆ ಏಳರ ಗುಂಪು: ಮ್ಯೂಟ್ ಹಾಕಿಕೊಂಡು ಹಾಡಿ ಕುಡಿತ ಬಿಡುತ್ತಿರುವವರು ಇಲ್ಲಿ ಯಾರಾದರೂ ಇದ್ದೀರಾ?

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇದ್ದೆ, ಬರೆಯುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗೆ ಈಗ 43. ಹದಿನೇಳು ವರ್ಷ ಕುಡಿದೆ. ಶುರುವಿನಲ್ಲಿ ವಾರಕ್ಕೊಂದು ಸಲ. ಕೊನೆ ಕೊನೆಗೆ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ 90ರ ಪ್ಯಾಕೆಟ್ ಕತ್ತರಿಸದಿದ್ದರೆ ಕೈ ನಡುಕ ನಿಲ್ಲುತ್ತಿರಲಿಲ್ಲ. ಹೋದ ವರ್ಷ ಆಸ್ಪತ್ರೆಯೊಂದರಲ್ಲಿ ಮೂರು ವಾರ ಅಡ್ಮಿಟ್ ಆಗಿದ್ದೆ. ಮಾತ್ರೆ, ಇಂಜೆಕ್ಷನ್, ಕೌನ್ಸೆಲಿಂಗ್ ಎಲ್ಲ ಆಯಿತು. ಮನೆಗೆ ಬಂದ ಮೇಲೆ ಅಸಲಿ ಕಷ್ಟ. ನನ್ನದು ಪೈಪು, ನಲ್ಲಿ ಮಾರುವ ಅಂಗಡಿ. ಸಂಜೆ ಏಳಕ್ಕೆ ಷಟರ್ ಎಳೆದರೆ ಬೈಕ್ ತಾನಾಗಿಯೇ ವೈನ್ ಶಾಪ್ ಕಡೆ ತಿರುಗುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ನಾನು ದೇವರಂಥ ಮನುಷ್ಯ. ಏಳು ಗಂಟೆಗೆ ಮಾತ್ರ ಬೇರೆ ಯಾರೋ.

ಕೌನ್ಸೆಲರ್ ಒಬ್ಬರು ಮ್ಯೂಸಿಕ್ ಥೆರಪಿ ಗುಂಪಿನ ವಿಷಯ ಹೇಳಿದರು. ಆನ್‌ಲೈನ್. ಮಂಗಳವಾರ, ಗುರುವಾರ ಸಂಜೆ 7ರಿಂದ 8:15. ಒಂಬತ್ತು ಜನ. ನನಗೆ ನಗು ಬಂತು. ಶಾಲೆಯಲ್ಲಿ ನಾಡಗೀತೆ ಬಿಟ್ಟರೆ ಬಾಯಿ ಬಿಟ್ಟವನಲ್ಲ ನಾನು. ಆದರೂ ಟೈಮ್ ನೋಡಿ ಸೇರಿದೆ. ಸಂಗೀತಕ್ಕಲ್ಲ, ಏಳು ಗಂಟೆಗೆ!

ಮೊದಲ ದಿನ ಮೇಡಂ ಒಬ್ಬೊಬ್ಬರನ್ನೂ ಕೇಳಿದರು, ಈಗ ಕುಡಿಯಬೇಕು ಅನ್ನುವ ಆಸೆ ಸೊನ್ನೆಯಿಂದ ಹತ್ತರಲ್ಲಿ ಎಷ್ಟಿದೆ ಅಂತ. ನಾನು ಎಂಟು ಅಂದೆ. ಆಮೇಲೆ ಶ್ರುತಿ ಹಾಕಿ, ಬಾಯಿ ಮುಚ್ಚಿಕೊಂಡು ಬರೀ ಗುನುಗಿ ಅಂದರು. ಎಲ್ಲರೂ ಮ್ಯೂಟ್. ಅವರ ದನಿ ಒಂದೇ ಕೇಳುತ್ತದೆ, ಜೊತೆಗೆ ನನ್ನ ಗಂಟಲಿನ ನಡುಕ. ಉಳಿದ ಎಂಟು ಜನರ ಬಾಯಿ ಆಡುವುದು ಕಾಣುತ್ತದೆ, ಸದ್ದಿಲ್ಲ. ಮೀನಿನ ತೊಟ್ಟಿ ನೋಡಿದ ಹಾಗೆ. ಇದೆಂಥ ಗುಂಪು ಗಾಯನ ಅಂದುಕೊಂಡೆ. 8:15ಕ್ಕೆ ಮತ್ತೆ ಕೇಳಿದರು. ನಾಲ್ಕು ಅಂದೆ. ಸುಳ್ಳು ಹೇಳಲಿಲ್ಲ.

ಈಗ ಹದಿನಾಲ್ಕು ತಿಂಗಳಾಯಿತು, ನಡುವೆ ಒಂದು ಸಲ ಜಾರಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ. ಬೇರೆ ಯಾರಿಗಾದರೂ ಇಂಥ ಅನುಭವ ಇದೆಯಾ?

ಕುಡ್ಲದ ಗಾಳಿ

ಇದೆ ಮಾರಾಯ್ರೆ. ನಾನು ಬಂದ ದಾರಿ ಮಾತ್ರ ಬೇರೆ.

ನಮ್ಮ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ಮಾಡುತ್ತಾರೆ, ಗೊತ್ತಿರಬಹುದು. ಎಂಟು ದಿನ. ಯಾವುದಾದರೂ ಊರಿನ ಸಭಾಭವನದಲ್ಲಿ ಎಲ್ಲರೂ ಒಟ್ಟಿಗೆ ಮಲಗುವುದು, ಒಟ್ಟಿಗೆ ಏಳುವುದು. ನನ್ನನ್ನು ಅಣ್ಣ ರಿಕ್ಷಾದಲ್ಲಿ ಹಾಕಿಕೊಂಡು ಹೋಗಿ ಬಿಟ್ಟು ಬಂದಿದ್ದ. ಅಲ್ಲಿ ಭಜನೆ ಇರುತ್ತದೆ. ನಾನು ದೇವರು ದಿಂಡರು ಅಂತ ಅಷ್ಟಿಲ್ಲದ ಮನುಷ್ಯ. ಆದರೆ ನಾಲ್ಕನೇ ದಿನವೋ ಐದನೇ ದಿನವೋ ತಾಳ ಹಾಕುತ್ತಾ ಇದ್ದಾಗ ನೋಡುತ್ತೇನೆ, ಕೈ ನಡುಗುತ್ತಾ ಇಲ್ಲ. ತಾಳ ಹಿಡಿದ ಕೈಗೆ ಬೇರೆ ಕೆಲಸ ಸಿಕ್ಕಿದ್ದಕ್ಕೋ, ಔಷಧಿಯಿಂದಲೋ, ದಿನ ಕಳೆದದ್ದಕ್ಕೋ ಹೇಳಲಿಕ್ಕೆ ಆಗುವುದಿಲ್ಲ. ಪಕ್ಕದಲ್ಲಿ ಬಂಟ್ವಾಳ ಕಡೆಯ ಒಬ್ಬರು ಅಜ್ಜ, ಅವರಿಗೆ ದನಿಯೇ ಇಲ್ಲ, ಆದರೂ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ಸೊಲ್ಲು ಕೊಡುತ್ತಿದ್ದರು. ಅವರಿಗಾಗಿ ಎಲ್ಲರೂ ಕಾಯುತ್ತಿದ್ದೆವು.

ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಊರಲ್ಲಿ ಸೇರುತ್ತೇವೆ, ಅದು ನನ್ನನ್ನು ಎರಡು ವರ್ಷ ಎತ್ತಿ ಹಿಡಿಯಿತು. ಆಮೇಲೆ ಕೆಲಸಕ್ಕೆ ಪುಣೆಗೆ ಬಂದೆ. ಹೋಟೆಲ್ ಕೆಲಸ. ಇಲ್ಲಿ ಸಮಿತಿಯೂ ಇಲ್ಲ, ತುಳುವಿನಲ್ಲಿ ಬೈಯುವವರೂ ಇಲ್ಲ. ಮೂರು ತಿಂಗಳಲ್ಲಿ ಮತ್ತೆ ಶುರು. ನನ್ನದೇ ತಪ್ಪು. ಆಗ ಸಿಕ್ಕಿದ್ದು ಆನ್‌ಲೈನ್ ಗುಂಪು.

ಎರಡನ್ನೂ ನೋಡಿದವನಾಗಿ ಹೇಳುತ್ತೇನೆ: ಎದುರು ಕೂತು ಹಾಡುವ ಸುಖ ಫೋನಿನಲ್ಲಿ ಇಲ್ಲ. ಕಾಲುಭಾಗವೂ ಇಲ್ಲ. ಆದರೆ ಶಿಬಿರ ಎಂಟು ದಿನ. ಫೋನ್ ಎಲ್ಲಿಗೆ ಹೋದರೂ ಕಿಸೆಯಲ್ಲಿ ಇರುತ್ತದಲ್ಲ.

ಅಡ್ಡಪ್ರಶ್ನೆ

ಬೇಜಾರು ಮಾಡಿಕೊಳ್ಳಬೇಡಿ, ನನಗೆ ಈ ವಿಷಯದಲ್ಲಿ ಅನುಮಾನ ಜಾಸ್ತಿ. ವಾಟ್ಸಾಪ್‌ನಲ್ಲಿ ದಿನಾ ಬರುತ್ತದೆ, ಈ ರಾಗ ಕೇಳಿದರೆ ಬಿಪಿ ಇಳಿಯುತ್ತದೆ, ಆ ರಾಗಕ್ಕೆ ಸಕ್ಕರೆ ಕಾಯಿಲೆ ಓಡುತ್ತದೆ. ಈಗ ಕುಡಿತಕ್ಕೂ ಒಂದು ರಾಗ ಬಂತಾ? ನನ್ನ ತಮ್ಮನಿಗೆ ಒಬ್ಬರು 21 ದಿನದ ಆಡಿಯೋ ಪ್ಯಾಕೇಜ್ ಅಂತ ಆರು ಸಾವಿರ ಕಿತ್ತುಕೊಂಡರು. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಲೇ ಕುಡಿಯುತ್ತಿದ್ದ. ಯಾವುದಾದರೂ ಅಧ್ಯಯನ ಇದೆಯಾ, ಇಲ್ಲಾ ಬರೀ ನಂಬಿಕೆಯಾ?

ವಾರ್ಡ್ ಅಕ್ಕ

ಅಡ್ಡಪ್ರಶ್ನೆಯವರೇ, ಕೇಳಿದ್ದು ಒಳ್ಳೆಯದಾಯಿತು. ನಾನು ಡಿ-ಅಡಿಕ್ಷನ್ ವಾರ್ಡಿನಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದವಳು.

ರಾಗ ಹಾಕಿಕೊಂಡು ಮಲಗುವುದಕ್ಕೂ ಮ್ಯೂಸಿಕ್ ಥೆರಪಿಗೂ ಸಂಬಂಧ ಇಲ್ಲ. ಥೆರಪಿ ಅಂದರೆ ತರಬೇತಿ ಆದವರು ಒಬ್ಬರು ಇರಬೇಕು, ನಿಮ್ಮ ಗುರಿ ಏನು ಅಂತ ಮೊದಲೇ ಮಾತಾಡಿಕೊಂಡಿರಬೇಕು, ನೀವು ಏನಾದರೂ ಮಾಡಬೇಕು: ಹಾಡುವುದು, ಬಡಿಯುವುದು, ಒಂದು ಹಾಡಿನ ಸಾಲು ಹಿಡಿದು ನಿಮ್ಮ ಕಥೆ ಹೇಳುವುದು, ಹೊಸದಾಗಿ ಬರೆಯುವುದು. ಅಧ್ಯಯನ ಇವೆ. ಕಾಕ್ರೇನ್ ಅನ್ನುವ ಸಂಸ್ಥೆ ಇಂಥವನ್ನೆಲ್ಲ ಒಟ್ಟಿಗೆ ಇಟ್ಟು ಜರಡಿ ಹಿಡಿಯುತ್ತದೆ. 2022ರಲ್ಲಿ ಅವರು 21 ಪ್ರಯೋಗಗಳನ್ನು ನೋಡಿದರು, ಒಟ್ಟು 1984 ಜನ. ಮಾಮೂಲಿ ಚಿಕಿತ್ಸೆಯ ಜೊತೆಗೆ ಇದನ್ನೂ ಸೇರಿಸಿದಾಗ ಆಸೆ ಒಂದು ಮಟ್ಟಿಗೆ ಇಳಿಯಿತು, ಚಿಕಿತ್ಸೆಗೆ ಮನಸ್ಸು ಮಾಡುವುದು ಸ್ವಲ್ಪ ಹೆಚ್ಚಿತು. ಮನಸ್ಸಿನ ಕುಗ್ಗುವಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಷ್ಟೇ. "ಜೊತೆಗೆ" ಅನ್ನುವ ಮಾತನ್ನು ದಯವಿಟ್ಟು ಎರಡು ಸಲ ಓದಿ. ಬದಲಿಗೆ ಅಲ್ಲ.

ಇನ್ನೊಂದು ಮಾತು, ಇದು ಇಲ್ಲಿ ಸುಮ್ಮನೆ ಓದಿಕೊಂಡು ಹೋಗುತ್ತಿರುವವರಿಗೆ. ದಿನಾ ಜೋರಾಗಿ ಕುಡಿಯುವವರು ಇದನ್ನು ಓದಿ ಇವತ್ತೇ ಬಿಟ್ಟು ಹಾಡಲು ಕೂರಬೇಡಿ. ಏಕಾಏಕಿ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಇಲ್ಲದವರು ಕಾಣುತ್ತಾರೆ, ಗೋಡೆ ಮೇಲೆ ಹುಳ ಹರಿಯುತ್ತದೆ, ಜ್ವರ, ಬೆವರು, ತಾನೆಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಜೀವವೇ ಹೋಗಬಹುದು. ಅದಕ್ಕೆ ಆಸ್ಪತ್ರೆಯೇ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ, ಯಾವ ಹೊತ್ತಿನಲ್ಲಾದರೂ. ವ್ಯಸನಕ್ಕೆ ಅಂತಲೇ 14446 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆಯ ಮನೋವೈದ್ಯರು ಇದ್ದಾರೆ.

ಬಸ್ ಸ್ಟ್ಯಾಂಡ್ ಗೋಡೆ ಮೇಲೆ "ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ" ಅಂತ ಬರೆದಿರುತ್ತಾರಲ್ಲ, ಆ ಪುಡಿಗಳ ಸಹವಾಸ ಬೇಡ. ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆ ತೆಗೆದುಕೊಂಡು ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿತ ಏರಿ ಕೆಲವೊಮ್ಮೆ ಪ್ರಾಣಕ್ಕೇ ಬರುತ್ತದೆ. ಅದನ್ನು ರೋಗಿಗೆ ಹೇಳಿ, ಅವರು ಒಪ್ಪಿದ ಮೇಲೆಯೇ ಕೊಡುವುದು. ಸಾರಿನಲ್ಲಿ ಬೆರೆಸಿ ಗಂಡನಿಗೆ ಕೊಟ್ಟು, ರಾತ್ರಿ ಅಳುತ್ತಾ ಓಡಿ ಬಂದ ಹೆಂಗಸರನ್ನು ನಾನೇ ನೋಡಿದ್ದೇನೆ.

ಅಡ್ಡಪ್ರಶ್ನೆ

ಸರಿ. ಆರು ಸಾವಿರದವರು ಇದರಲ್ಲಿ ಒಂದು ಮಾತೂ ಹೇಳಿರಲಿಲ್ಲ. ಆದರೆ ಆ 21 ಪ್ರಯೋಗ ಎದುರಾಬದುರು ಕೂರಿಸಿ ಮಾಡಿದ್ದು ತಾನೇ? ಫೋನಿನಲ್ಲೂ ಅದೇ ಆಗುತ್ತದೆ ಅಂತ ಹೇಗೆ ಹೇಳುತ್ತೀರಿ?

ವಾರ್ಡ್ ಅಕ್ಕ

ಹೇಳುತ್ತಿಲ್ಲ. ಅದಕ್ಕೇ ಇಲ್ಲಿ ಅನುಭವ ಓದುತ್ತಾ ಕೂತಿದ್ದೇನೆ.

ಡಬ್ಲಿನ್ ಮಳೆ

ಊರು ಶಿವಮೊಗ್ಗ, ಇರುವುದು ಐರ್ಲೆಂಡ್. ನನ್ನ ಗುಂಪು ಬೆಂಗಳೂರಿನಿಂದ ನಡೆಯುತ್ತದೆ. ಅಲ್ಲಿ ಸಂಜೆ ಏಳು ಅಂದರೆ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಎರಡೂವರೆ, ಚಳಿಗಾಲದಲ್ಲಿ ಒಂದೂವರೆ. ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು ಹಾಡುತ್ತೇನೆ. ಗಾಜಿನ ಮೇಲೆ ಮಳೆ, ಒಳಗೆ ನಾನು ಬಾಯಿ ತೆರೆದು ಸ್ವರ ಹಿಡಿಯುತ್ತಿರುತ್ತೇನೆ. ಒಂದು ಸಲ ಸೆಕ್ಯೂರಿಟಿಯವನು ಬಂದು ಗಾಜು ತಟ್ಟಿ, ಆರಾಮಾಗಿದ್ದೀಯಾ ಅಂತ ಕೇಳಿದ.

ಇಲ್ಲೂ ಎಎ, ಅಂದರೆ ಕುಡಿತ ಬಿಡುವವರೇ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗ್‌ಗಳಿವೆ, ಹೋಗಿದ್ದೇನೆ, ಒಳ್ಳೆಯ ಜನ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಶುರುವಾದದ್ದು ಇವತ್ತು ಎಲ್ಲ ಕಡೆ ಇದೆ. 2020ರ ಲಾಕ್‌ಡೌನ್‌ನಲ್ಲಿ ಆ ಮೀಟಿಂಗ್‌ಗಳೂ ಫೋನಿಗೆ ಬಂದವು. ಆದರೆ ನನ್ನ ಕುಡಿತದ ಕಥೆಯಲ್ಲಿ ಅಪ್ಪ ಇದ್ದಾರೆ, ಅಡಿಕೆ ತೋಟ ಇದೆ, ದಾಯಾದಿ ಕೇಸ್ ಇದೆ. "ಅಪ್ಪ ಮಾತು ಬಿಟ್ಟರು" ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಎಲ್ಲರೂ ಪಾಪ ಅಂದರು. ಕನ್ನಡದ ಗುಂಪಿನಲ್ಲಿ ಹೇಳಿದಾಗ ಒಬ್ಬರು, "ಎಷ್ಟು ವರ್ಷ?" ಅಂತ ಕೇಳಿದರು. ಇಷ್ಟೇ ವ್ಯತ್ಯಾಸ.

ತಾಂತ್ರಿಕ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ, ಹೊಟ್ಟೆಪಾಡು ಅದೇ. ಎಲ್ಲರನ್ನೂ ಮ್ಯೂಟ್ ಯಾಕೆ ಮಾಡುತ್ತಾರೆ ಅಂತ ತಿಪಟೂರಿನವರಿಗೆ ಅನ್ನಿಸಿತಲ್ಲ. ಜೊತೆಗೆ ಹಾಡಲು ಒಬ್ಬರ ದನಿ ಇನ್ನೊಬ್ಬರಿಗೆ ಸುಮಾರು 25ರಿಂದ 30 ಮಿಲಿಸೆಕೆಂಡಿನೊಳಗೆ ತಲುಪಬೇಕು. ಗಾಳಿಯಲ್ಲಿ ಅಷ್ಟು ಹೊತ್ತಿಗೆ ಶಬ್ದ ಹತ್ತು ಮೀಟರ್ ಹೋಗುತ್ತದೆ, ಅಂದರೆ ದೇವಸ್ಥಾನದ ಪ್ರಾಂಗಣದ ಆ ತುದಿ ಈ ತುದಿ. ವಿಡಿಯೋ ಮೀಟಿಂಗ್‌ನಲ್ಲಿ ಅದರ ಎಷ್ಟೋ ಪಟ್ಟು ತಡ. ಎಲ್ಲರ ಮೈಕ್ ತೆರೆದರೆ ಸಂತೆಯೇ ಸರಿ. ಅದಕ್ಕೆ ಒಬ್ಬರು ಹೇಳಿ ಉಳಿದವರು ಸೊಲ್ಲು ಕೊಡುವ ಪದ್ಧತಿಯೇ ಇಲ್ಲಿ ಸರಿಹೊಂದುವುದು. ನಮ್ಮ ಭಜನೆ, ಸೋಬಾನೆ ಎಲ್ಲ ಇರುವುದೇ ಹಾಗೆ ಅಲ್ವಾ.

ಇನ್ನೊಂದು ತಮಾಷೆ. ನಮಗೆ ಮೊದಲ ಎರಡು ವಾರ ತಂಬೂರಿ ಕೇಳಿಸುತ್ತಲೇ ಇರಲಿಲ್ಲ. ಮೇಡಂ ಹಾಕಿದ್ದೇನೆ ಅನ್ನುತ್ತಾರೆ, ನಮಗೆ ಒಂದು ಕ್ಷಣ ಬಂದು ಮಾಯ. ಕಾರಣ ಏನೆಂದರೆ ಒಂದೇ ಸಮನೆ ಬರುವ ಸದ್ದನ್ನು ಆಪ್ ಫ್ಯಾನ್ ಸದ್ದು ಅಂದುಕೊಂಡು ಅಳಿಸಿಹಾಕುತ್ತದೆ. ಸೆಟ್ಟಿಂಗ್‌ನಲ್ಲಿ ಒರಿಜಿನಲ್ ಸೌಂಡ್ ಅಂತ ಇದ್ದರೆ ಆನ್ ಮಾಡಿಸಿ. ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ, ಬ್ಲೂಟೂತ್ ಇನ್ನಷ್ಟು ತಡ ಮಾಡುತ್ತದೆ.

ಕೀಬೋರ್ಡ್ ಕೆಲಸ

ಎಲ್ಲರೂ ಹೊಗಳುತ್ತಿದ್ದೀರಿ, ನನ್ನದು ಸ್ವಲ್ಪ ಉಲ್ಟಾ.

ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು. ಇಪ್ಪತ್ತು ವರ್ಷ. ಮಂಡ್ಯ, ಮದ್ದೂರು, ಚನ್ನರಾಯಪಟ್ಟಣ, ಎಲ್ಲಿ ಗಣಪತಿ ಕೂರಿಸಿದರೂ ನಾವು. ಗಣಪತಿ ಸೀಸನ್‌ನಲ್ಲಿ ತಿಂಗಳಿಗೆ 25 ಪ್ರೋಗ್ರಾಂ. ದುಡ್ಡು ತಡವಾಗಿ ಬರುತ್ತಿತ್ತು, ಕ್ವಾರ್ಟರ್ ಮಾತ್ರ ಸ್ಟೇಜ್ ಹಿಂದೆ ಸರಿಯಾದ ಟೈಮಿಗೆ ಬರುತ್ತಿತ್ತು. ನನಗೆ ಸಂಗೀತ ಬೇರೆ ಎಣ್ಣೆ ಬೇರೆ ಅಂತ ಇರಲೇ ಇಲ್ಲ. ಕೆಲವು ಹಾಡಿನ ಇಂಟ್ರೊ ಬಂದರೆ ಇವತ್ತಿಗೂ ಬಾಯಲ್ಲಿ ನೀರೂರುತ್ತದೆ, ಸುಮ್ನೆ ಹೇಳುತ್ತಿಲ್ಲ, ನಿಜವಾಗಿ ನಾಲಿಗೆ ಒದ್ದೆಯಾಗುತ್ತದೆ.

ಮೊದಲು ಸೇರಿದ ಗುಂಪಿನಲ್ಲಿ, ನಿಮಗೆ ಇಷ್ಟದ ಹಾಡು ತನ್ನಿ ಅಂದರು. ಒಬ್ಬ ಪುಣ್ಯಾತ್ಮ ತಂದದ್ದು ನಾನು ಸಾವಿರ ಸಲ ನುಡಿಸಿದ ಡ್ಯೂಯೆಟ್. ಮೊದಲ ನಾಲ್ಕು ಬಾರ್‌ಗೆ ಬೆವರು ಬಂತು. ವಿಡಿಯೋ ಆಫ್ ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಬಾರ್ ಒಳಗೆ ಇದ್ದೆ, ಸಂಗೀತದ ಬಾರ್ ಅಲ್ಲ. ಮೀಟಿಂಗ್ ಇನ್ನೂ ಜೇಬಿನಲ್ಲಿ ನಡೆಯುತ್ತಿತ್ತು. ಯಾರೂ ಫೋನ್ ಮಾಡಲಿಲ್ಲ. ಎದುರಿಗೆ ಕೂತಿದ್ದರೆ ಎದ್ದು ಹೋಗುವಾಗ ಯಾರಾದರೂ ಕೈ ಹಿಡಿಯುತ್ತಿದ್ದರು ಅಲ್ವಾ?

ಆರು ತಿಂಗಳಾದ ಮೇಲೆ ಇನ್ನೊಂದು ಗುಂಪು ಸೇರಿದೆ. ಇಲ್ಲಿಯ ಥೆರಪಿಸ್ಟ್ ಮೊದಲು ಒಬ್ಬೊಬ್ಬರ ಜೊತೆ ಒಂದು ಗಂಟೆ ಮಾತಾಡಿದರು. ಯಾವ ಹಾಡು ಬೇಡ ಅಂತ ಪಟ್ಟಿ ಬರೆಸಿಕೊಂಡರು. ನನ್ನದು ಎರಡು ಪುಟ. ನನಗೆ ಕೀಬೋರ್ಡೇ ಬೇಡ ಅಂದರು. ಊಟದ ಸ್ಟೀಲ್ ತಟ್ಟೆ, ಎರಡು ಬೆರಳು, ಅಷ್ಟೇ. ಮೊದಲು ಅವಮಾನ ಅನ್ನಿಸಿತು, ಇಪ್ಪತ್ತು ವರ್ಷದ ಕಲಾವಿದನಿಗೆ ತಟ್ಟೆ ಬಡಿಯೋಕೆ ಹೇಳುತ್ತಾರಲ್ಲ ಅಂತ. ಆದರೆ ತಟ್ಟೆಗೆ ನನ್ನ ಹಳೆಯ ನೆನಪು ಒಂದೂ ಅಂಟಿಕೊಂಡಿರಲಿಲ್ಲ. ಊಟ ಬಿಟ್ಟರೆ ಏನೂ ಇಲ್ಲ. ಜೊತೆಗೆ ಒಂದು ನಿಯಮ: ಕ್ಯಾಮೆರಾ ಆಫ್ ಆದರೆ ಐದು ನಿಮಿಷದಲ್ಲಿ ಗುಂಪಿನ ಒಬ್ಬರು ಫೋನ್ ಮಾಡಲೇಬೇಕು. ಯಾರು ಯಾರಿಗೆ ಅಂತ ಜೋಡಿ ಮಾಡಿರುತ್ತಾರೆ. ನನ್ನ ಜೋಡಿ ರಾಯಚೂರಿನ ನಿವೃತ್ತ ಮೇಷ್ಟ್ರು. ಅವರ ಫೋನಿಗೆ ಹೆದರಿಯೇ ನಾನು ಕ್ಯಾಮೆರಾ ಮುಟ್ಟುವುದಿಲ್ಲ.

ಒಂಬತ್ತು ತಿಂಗಳಾಯಿತು. ಕೀಬೋರ್ಡ್ ಅಟ್ಟದ ಮೇಲಿದೆ. ಮಾರಿಲ್ಲ.

ಹೆಸರು ಬೇಡ

ನಾನು ಕುಡಿದವಳಲ್ಲ, ಕುಡಿದವರ ಹೆಂಡತಿ. ಬರೆಯಬಹುದೋ ಇಲ್ಲವೋ ಗೊತ್ತಿಲ್ಲ.

ನಮ್ಮವರೂ ಇಂಥ ಗುಂಪಿನಲ್ಲಿದ್ದಾರೆ. ಬಿಟ್ಟು ಏಳು ತಿಂಗಳು. ಖುಷಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಹೇಳುತ್ತೇನೆ. ಏಳು ಗಂಟೆಗೆ ರೂಮಿನ ಬಾಗಿಲು ಹಾಕಿಕೊಂಡು ಹಾಡುತ್ತಾರೆ. ಗೊತ್ತಿಲ್ಲದ ಎಂಟು ಜನರ ಹತ್ತಿರ ಅಳುತ್ತಾರೆ, ನಗುತ್ತಾರೆ. ಹೊರಗೆ ಬಂದರೆ ನಮ್ಮ ಹತ್ತಿರ "ಊಟ ಹಾಕು" ಅಷ್ಟೇ. ಆ ದನಿ ಇದೆಯಲ್ಲ, ಅದೇ ದನಿಯಲ್ಲಿ ಹನ್ನೆರಡು ವರ್ಷ ರಾತ್ರಿ ಬೈಯುತ್ತಿದ್ದರು, ಕುಡಿದು ಹಾಡುತ್ತಲೂ ಇದ್ದರು. ಅವರು ಹಾಡಿದರೆ ಚಿಕ್ಕವನು ಇವತ್ತಿಗೂ ಪುಸ್ತಕ ಮುಚ್ಚಿ ನನ್ನ ಹತ್ತಿರ ಬಂದು ಕೂರುತ್ತಾನೆ. ಅವನಿಗೆ ಹಾಡು ಅಂದರೆ ಇನ್ನೇನೋ ಆಗುವುದಿದೆ ಅಂತ. ಇದು ಥೆರಪಿ ಅಂತ ಅವನಿಗೆ ಹೇಗೆ ಹೇಳಲಿ? ನಮಗೆ ಯಾರು ಥೆರಪಿ ಮಾಡುತ್ತಾರೆ? ನಾನು ಏಳರಿಂದ ಎಂಟೂಕಾಲಿನವರೆಗೆ ಕುಕ್ಕರ್ ಕೂಗಿಸುವ ಹಾಗಿಲ್ಲ, ಟಿವಿ ಹಾಕುವ ಹಾಗಿಲ್ಲ.

ತಿಪಟೂರು ತೆಂಗು

ಅಮ್ಮಾ, ನಿಮ್ಮದು ಓದಿ ಅರ್ಧ ಗಂಟೆ ಏನೂ ಬರೆಯಲು ಆಗಲಿಲ್ಲ. ನನ್ನ ಮಗಳು ಕೂಡ ಹೀಗೆಯೇ ಅಡುಗೆಮನೆಗೆ ಹೋಗಿ ನಿಲ್ಲುತ್ತಾಳೆ. ಅವಳಿಗೆ ಓದಲು ಏನೋ ಇದೆ ಅಂದುಕೊಂಡಿದ್ದೆ.

ಜಾರಿದ್ದು ಹೇಳುತ್ತೇನೆ ಅಂದಿದ್ದೆ, ಈಗಲೇ ಹೇಳಿಬಿಡುತ್ತೇನೆ. ಮೂರನೇ ತಿಂಗಳು. ಅಂಗಡಿಯಲ್ಲಿ ಒಬ್ಬ ಕಂಟ್ರಾಕ್ಟರ್ ಎಂಬತ್ತು ಸಾವಿರ ಬಾಕಿ ಉಳಿಸಿ ಫೋನ್ ಎತ್ತಲಿಲ್ಲ. ಮಂಗಳವಾರ ಏಳು ಗಂಟೆಗೆ ಗುಂಪಿಗೆ ಬಂದೆ. ಕೈಯಲ್ಲಿ ಸ್ಟೀಲ್ ಲೋಟ. ಎಲ್ಲರೂ ಕಾಫಿ ಅಂದುಕೊಂಡರು. ಆಸೆ ಎಷ್ಟು ಅಂತ ಕೇಳಿದಾಗ ಒಂದು ಅಂದೆ, ನಿಜವೇ, ಆಗಲೇ ಒಳಗೆ ಹೋಗಿತ್ತಲ್ಲ. ಅವತ್ತು ನಾನು ಹಾಡಿದ ಹಾಗೆ ಯಾವತ್ತೂ ಹಾಡಿಲ್ಲ. ಮ್ಯೂಟ್ ತೆಗೆಸಿ ಒಬ್ಬನ ಕೈಲೇ ಹಾಡಿಸಿದರು. ಎಲ್ಲರೂ ಚಪ್ಪಾಳೆ. ಸ್ಕ್ರೀನಿಗೆ ವಾಸನೆ ಬರುವುದಿಲ್ಲ. ಇದೇ ಆನ್‌ಲೈನ್‌ನ ದೊಡ್ಡ ತೂತು.

ಆ ಚಪ್ಪಾಳೆ ಬುಧವಾರ ಪೂರ್ತಿ ಕಿವಿಯಲ್ಲಿತ್ತು. ಗುರುವಾರ ಹೇಳಿಬಿಟ್ಟೆ. ಮೇಡಂ ಬೈಯಲಿಲ್ಲ, ನಾಳೆಯೇ ಡಾಕ್ಟರ ಹತ್ತಿರ ಹೋಗಿ, ಮಾತ್ರೆ ನಿಲ್ಲಿಸಿದ್ದೀರಾ ನೋಡಿ ಅಂದರು. ನಿಲ್ಲಿಸಿದ್ದೆ. ಕುಡಿಯುವ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್ ಅಂತ ಕೊಟ್ಟಿದ್ದರು, ಹಾಡು ಇದೆಯಲ್ಲ ಇನ್ನೇಕೆ ಅಂತ ನಾನೇ ಬುದ್ಧಿವಂತನಾಗಿದ್ದೆ. ವಾರ್ಡ್ ಅಕ್ಕ ಹೇಳಿದ "ಜೊತೆಗೆ" ನನಗೆ ಹೀಗೆ ಅರ್ಥ ಆದದ್ದು.

ವಾರ್ಡ್ ಅಕ್ಕ

ತಿಪಟೂರಿನವರೇ, ಹೇಳಿದ್ದಕ್ಕೆ ಧನ್ಯವಾದ. ವಾರ್ಡಿನಲ್ಲಿ ಹತ್ತಿರ ಹೋದರೆ ನಮಗೆ ಗೊತ್ತಾಗುತ್ತದೆ, ಮಿಷನ್‌ಗೆ ಊದಿಸಿಯೂ ನೋಡುತ್ತೇವೆ. ಫೋನಿನಲ್ಲಿ ಆ ಕೆಲಸ ಮನೆಯವರ ಮೇಲೆ ಬೀಳುತ್ತದೆ, ಅದು ಅವರಿಗೆ ಇನ್ನೊಂದು ಹೊರೆ.

ಹೆಸರು ಬೇಡ ಅಂದ ತಂಗಿಗೆ: ಅಲ್-ಅನಾನ್ ಅಂತ ಕುಡಿಯುವವರ ಮನೆಯವರಿಗೆಂದೇ ಗುಂಪುಗಳಿವೆ, 1951ರಿಂದ ನಡೆದು ಬಂದಿವೆ, ನಮ್ಮಲ್ಲೂ ಇವೆ, ದುಡ್ಡು ಕೊಡಬೇಕಾಗಿಲ್ಲ. ನಿಮ್ಮವರ ಥೆರಪಿಸ್ಟ್‌ಗೆ ನೀವೇ ಫೋನ್ ಮಾಡಿ, ಮಗನ ವಿಷಯ ಹೇಳಿ. ಮನೆಯವರನ್ನೂ ಸೇರಿಸಿ ಒಂದು ಸೆಷನ್ ಮಾಡಿ ಅಂತ ಕೇಳುವುದು ನಿಮ್ಮ ಹಕ್ಕು. ಕುಕ್ಕರ್ ಕೂಗಿಸಿ, ಏನೂ ಆಗುವುದಿಲ್ಲ. ಸದ್ದೇ ಇಲ್ಲದ ನಾಲ್ಕು ಗೋಡೆಯೊಳಗೆ ಕುಡಿತ ಬಿಟ್ಟವರಿಗೆ ಹೊರಗೆ ಬಂದಾಗ ತಡೆದುಕೊಳ್ಳುವುದು ಕಷ್ಟ.

ಪೇಡಾ ಊರಿನಾಕಿ

ಗಂಡಸರ ಮಾತೇ ಜಾಸ್ತಿ ಆಯಿತು ನೋಡ್ರಿ, ಅದಕ್ಕೆ ಬರೆಯಾಕತ್ತೀನಿ.

ನನ್ನದು ಎಣ್ಣೆ ಅಲ್ಲ, ಮಾತ್ರೆ. ಎರಡನೇ ಹೆರಿಗೆ ಆದ ಮೇಲೆ ಬೆನ್ನುನೋವಿಗೆ ಅಂತ ಬರೆದುಕೊಟ್ಟಿದ್ದು. ಹತ್ತು ದಿನಕ್ಕೆ ಬರೆದದ್ದನ್ನು ನಾಲ್ಕು ವರ್ಷ ನುಂಗಿದೆ. ಬೇರೆ ಬೇರೆ ಅಂಗಡಿ, ಹಳೆಯ ಚೀಟಿ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಮಾತ್ರೆಗೆ ವಾಸನೆ ಇಲ್ಲ, ತೂರಾಡುವುದೂ ಇಲ್ಲ. ಹೆಂಗಸು ಡಿ-ಅಡಿಕ್ಷನ್ ಸೆಂಟರ್ ಗೇಟಿನಲ್ಲಿ ನಿಂತರೆ ಓಣಿಯಲ್ಲಿ ಏನಂತಾರೆ ಹೇಳ್ರಿ. ನಮ್ಮ ದೇಶದಲ್ಲಿ ಕುಡಿತಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ 2019ರ ಸರ್ಕಾರಿ ಸಮೀಕ್ಷೆ ಹೇಳಿತ್ತು. ಆ 38ರಲ್ಲಿ ಹೆಂಗಸರು ಎಲ್ಲಿ ನಿಂತಿರುತ್ತಾರೋ!

ನನಗೆ ಡಾಕ್ಟರ್ ಮೊದಲು ಡೋಸ್ ಇಳಿಸುತ್ತಾ ಬಂದರು, ಆಮೇಲೆ ಬರೀ ಹೆಂಗಸರ ಆನ್‌ಲೈನ್ ಗುಂಪಿಗೆ ಕಳಿಸಿದರು. ಆರು ಜನ. ಮೊದಲ ತಿಂಗಳು ಕ್ಯಾಮೆರಾ ಇಲ್ಲ, ಹೆಸರೂ ಇಲ್ಲ. ನನ್ನ ಹೆಸರು "ತಾಳ". ಅತ್ತೆಯವರಿಗೆ ಭಜನೆ ಕ್ಲಾಸ್ ಅಂತ ಹೇಳಿದ್ದೇನೆ. ಅವರಿಗೆ ಖುಷಿಯೋ ಖುಷಿ. ಶ್ರಾವಣದಲ್ಲಿ ಓಣಿಯ ಭಜನೆಗೆ ಕರೆದುಕೊಂಡು ಹೋಗಿ, ನಮ್ಮ ಸೊಸೆ ಕಲಿಯಾಕತ್ತಾಳ ಅಂತ ಎಲ್ಲರ ಮುಂದೆ ಹಾಡಿಸಿದರು. ನನಗೆ ಬರುವುದು ಗುನುಗೋದು ಒಂದೇ! ಒಂದು ಹತ್ತು ನಿಮಿಷ ಗುನುಗಿದೆ. ಹಿಂದೂಸ್ತಾನಿ ಆಲಾಪ ಅಂದುಕೊಂಡರು.

ನನಗೆ ಉಪಯೋಗ ಆದದ್ದು ಆ ಗುನುಗೋದೇ. ಆಸೆ ಬಂದಾಗ ಅದು ಏರುತ್ತದೆ, ಒಂದು ಹಂತಕ್ಕೆ ನಿಲ್ಲುತ್ತದೆ, ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ಹದಿನೈದು ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಉದ್ದ ಉಸಿರಿನಲ್ಲಿ ಗುನುಗಬೇಕು. ರೊಟ್ಟಿ ಬಡಿಯುತ್ತಾ ಗುನುಗುತ್ತೇನೆ. ಹತ್ತು ರೊಟ್ಟಿಗೆ ಇಳಿಯುತ್ತದೆ. ಕೆಲವು ದಿನ ಹದಿನೈದು ಬೇಕು, ಅವತ್ತು ಮನೆಯಲ್ಲಿ ಎಲ್ಲರಿಗೂ ರೊಟ್ಟಿ ಜಾಸ್ತಿ.

ಅಡ್ಡಪ್ರಶ್ನೆ

ರೊಟ್ಟಿ ಲೆಕ್ಕ ನನಗೆ ಹಿಡಿಸಿತು.

ದುಡ್ಡಿನ ಮಾತು ಯಾರೂ ಆಡುತ್ತಿಲ್ಲ. ಎಷ್ಟಾಗುತ್ತದೆ? ತಮ್ಮನಿಗೋಸ್ಕರ ಕೇಳುತ್ತಿದ್ದೇನೆ.

ಡಬ್ಲಿನ್ ಮಳೆ

ನನ್ನ ಗುಂಪಿನಲ್ಲಿ ಒಂದು ಸೆಷನ್‌ಗೆ 400 ರೂಪಾಯಿ, ಆಗದವರಿಗೆ ಕಡಿಮೆ ಮಾಡುತ್ತಾರೆ. ಕೊಡುವ ಮುಂಚೆ ಕೇಳಿ: ಎಲ್ಲಿ ತರಬೇತಿ ಆಯಿತು, ಜೊತೆಗೆ ಮನೋವೈದ್ಯರು ಇದ್ದಾರಾ, ಯಾರಾದರೂ ಜಾರಿದರೆ ಏನು ಮಾಡುತ್ತೀರಿ, ರೆಕಾರ್ಡ್ ಮಾಡುತ್ತೀರಾ. ಕೊನೆಯದಕ್ಕೆ ಹೌದು ಅಂದರೆ ಸೇರಬೇಡಿ. ಗ್ಯಾರಂಟಿ ಅಂದರೆ ಫೋನ್ ಇಟ್ಟುಬಿಡಿ.

ಕುಡ್ಲದ ಗಾಳಿ

ಡೇಟಾ ಜಾಸ್ತಿ ಹೋಗುತ್ತದೆ, ಅದನ್ನೂ ಹೇಳಿ. ನಾನು ಹೋಟೆಲಿನ ವೈಫೈ ಹಿಡಿಯಲು ಗ್ಯಾಸ್ ಸಿಲಿಂಡರ್ ಇಡುವ ಕಡೆ ಕೂತು ಹಾಡುವುದು. ಪಾತ್ರೆ ತೊಳೆಯುವ ಒಡಿಶಾದ ಹುಡುಗ ಈಗ ಸೊಲ್ಲು ಕೊಡುತ್ತಾನೆ. ಅವನಿಗೆ ಕನ್ನಡ ಬರುವುದಿಲ್ಲ.

ತಿಪಟೂರು ತೆಂಗು

ಒಂದು ಸಹಾಯ ಬೇಕು. ನಮ್ಮ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಸಾಲು ಹಾಕಿ ಹಾಡು ಕಟ್ಟುತ್ತಿದ್ದೇವೆ. ಎರಡು ಸಾಲಾಗಿ ಮೂರು ವಾರದಿಂದ ನಿಂತಿದೆ:

ಏಳು ಗಂಟೆ, ಏಳು ಗಂಟೆ, ಮತ್ತೆ ಬಂದ್ಯಾ
ಚಪ್ಪಲಿ ಬಿಡದೆ ಒಳಗೆ ಬಂದ್ಯಾ

ಮೂರನೆಯದು ಸಿಗುತ್ತಿಲ್ಲ. ಯಾರಿಗಾದರೂ ಹೊಳೆದರೆ ಹೇಳಿ.

ಅಡ್ಡಪ್ರಶ್ನೆ

ಬಾಡಿಗೆ ಕೊಡದೆ ಇರೋಕೆ ಬಂದ್ಯಾ. ನಡೆಯುತ್ತಾ?

ಹೆಸರು ಬೇಡ

ಮಕ್ಕಳು ಓದ್ತಿವೆ, ಮೆಲ್ಲಗೆ ಬಂದ್ಯಾ

ತಿಪಟೂರು ತೆಂಗು

ಅಮ್ಮಾ, ಇದನ್ನು ತೆಗೆದುಕೊಳ್ಳಲಾ? ಗುರುವಾರ ಗುಂಪಿನಲ್ಲಿ ಯಾರು ಕೊಟ್ಟಿದ್ದು ಅಂತ ಹೇಳುವುದಿಲ್ಲ.

ಹೆಸರು ಬೇಡ

ತಗೊಳ್ಳಿ. ಒಬ್ಬರು ಹೆಂಗಸು ಅಂತ ಹೇಳಿ.

ಕೀಬೋರ್ಡ್ ಕೆಲಸ

ಸಾಲು ಚೆನ್ನಾಗಿದೆ. ಆದರೆ ಎಣಿಸಿ ನೋಡಿ, ಚಪ್ಪಲಿ ಸಾಲು 14, ಇದು 16. ಎರಡು ಮಾತ್ರೆ ಜಾಸ್ತಿ.

ವಾರ್ಡ್ ಅಕ್ಕ

ಮಾತ್ರೆ ಜಾಸ್ತಿ ಆದರೆ ಡಾಕ್ಟರನ್ನು ಕೇಳಿ.

ಕೀಬೋರ್ಡ್ ಕೆಲಸ

ಹಹ. ಇಲ್ಲ ಅಕ್ಕ, ತಟ್ಟೆ ಹಿಡಿದು ಬಡಿದು ನೋಡಿದೆ. ತಾಳಕ್ಕೆ 16ರದ್ದೇ ಸರಿಯಾಗಿ ಕೂರುತ್ತದೆ. ತಪ್ಪಿರುವುದು ಚಪ್ಪಲಿ ಸಾಲು.

ತಿಪಟೂರು ತೆಂಗು

ಚಪ್ಪಲಿ ಸಾಲು ನನ್ನದೇ. ಗುರುವಾರದೊಳಗೆ ಸರಿ ಮಾಡುತ್ತೇನೆ.